ಬದುವಿನ ಮೇಲೆ ನಡೆಯುವ ನಾಯಿ

(ಕರ್ನಾಟಕದ ಗಡಿಯಲ್ಲಿರುವ ಮಹಾರಾಷ್ಟ್ರದ ಜತ್ತ ತಾಲೂಕಿನ ಹಳ್ಳಿಯೊಂದರಲ್ಲಿ ಕುರಿಗಾರರ ಮುಂದೆ ಆಡಿದ ಮಾತಿನ ಬರಹ ರೂಪ)

ನೀವೆಲ್ಲ ಮೊಬೈಲಿನಲ್ಲಿ ಆ ವಿಡಿಯೊ ನೋಡಿರುತ್ತೀರಿ. ಹಸಿರು ಗುಡ್ಡ. ನೂರಾರು ಬಿಳಿ ಕುರಿ. ಎಲ್ಲೋ ದೂರದಲ್ಲಿ ನಿಂತ ಒಬ್ಬ ಮನುಷ್ಯ ಸಿಳ್ಳೆ ಹಾಕುತ್ತಾನೆ, ಕಪ್ಪು-ಬಿಳಿ ನಾಯಿಯೊಂದು ಓಡಿಹೋಗಿ ಅಷ್ಟೂ ಕುರಿಗಳನ್ನು ಸುತ್ತಿ ತಂದು ಅವನ ಕಾಲ ಬಳಿ ನಿಲ್ಲಿಸುತ್ತದೆ. ಇಲ್ಲಿ ಕೂತ ಹುಡುಗರಲ್ಲೇ ಕೆಲವರು ಅದನ್ನು ನನಗೆ ಕಳಿಸಿದ್ದೀರಿ. ಜೊತೆಗೆ ಒಂದೇ ಪ್ರಶ್ನೆ: "ಸರ್, ಅಂಥಾ ನಾಯಿ ಎಲ್ಲಿ ಸಿಗ್ತೈತಿ, ರೇಟ್ ಎಷ್ಟು?"

ಅಂಥ ನಾಯಿ ನಮಗೆ ಬೇಕಾಗಿಲ್ಲ. ಇವತ್ತು ನಾನು ಹೇಳಬೇಕು ಅಂತ ಬಂದದ್ದೇ ಇದನ್ನು. ನಮಗೆ ಬೇಕಾದದ್ದು ಬದುವಿನ ಮೇಲೆ ನಡೆಯುವ ನಾಯಿ, ಅಂದರೆ ಕುರಿ ಬೆಳೆಗೆ ನುಗ್ಗದ ಹಾಗೆ ಹೊಲದ ಅಂಚಿನಲ್ಲಿ ಓಡಾಡುವ ನಾಯಿ. ಅದನ್ನು ದುಡ್ಡು ಕೊಟ್ಟು ತರಬೇಕಾಗಿಲ್ಲ, ನಮ್ಮ ಹಟ್ಟಿಯಲ್ಲಿರುವ ನಾಯಿಗೇ ಕಲಿಸಬಹುದು. ಆದರೆ ನಾಯಿಗೆ ಕಲಿಸುವ ಮೊದಲು ನಾವು ಕಲಿಯಬೇಕಾದದ್ದು ಜಾಸ್ತಿ ಇದೆ. ಅದಕ್ಕೇ ಇವತ್ತಿನ ಮಾತಿನಲ್ಲಿ ಅರ್ಧ ನಾಯಿಯ ಬಗ್ಗೆ, ಅರ್ಧ ನಿಮ್ಮ ಬಗ್ಗೆ.

ಮೊದಲು ಆ ವಿಡಿಯೊದ ನಾಯಿಯ ಕಥೆ. ಅದರ ಹೆಸರು ಬಾರ್ಡರ್ ಕೋಲಿ. ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ನಡುವಿನ ಗುಡ್ಡಗಾಡಿನ ತಳಿ. 1893ರಲ್ಲಿ ನಾರ್ಥಂಬರ್ಲೆಂಡ್ ಎಂಬಲ್ಲಿ ಆಡಮ್ ಟೆಲ್ಫರ್ ಅನ್ನುವವರ ಬಳಿ ಹೆಂಪ್ ಅಂತ ಒಂದು ಗಂಡು ನಾಯಿ ಹುಟ್ಟಿತು. ಗದ್ದಲ ಮಾಡದ ನಾಯಿ. ತಲೆ ತಗ್ಗಿಸಿ, ಮೈಯನ್ನು ನೆಲಕ್ಕೆ ಇಳಿಸಿ, ಕುರಿಯನ್ನೇ ದಿಟ್ಟಿಸಿ ನೋಡುತ್ತ ಅದನ್ನು ಸರಿಸುತ್ತಿತ್ತು. 1901ರಲ್ಲಿ ಸತ್ತಿತು. ಅಷ್ಟರಲ್ಲಿ ಸುತ್ತಲಿನ ಕುರಿಗಾರರು ತಮ್ಮ ಹೆಣ್ಣು ನಾಯಿಗಳನ್ನು ಅದರ ಬಳಿ ತಂದು ತಂದು ಮರಿ ಮಾಡಿಸಿಕೊಂಡಿದ್ದರು. ಇವತ್ತಿನ ಬಾರ್ಡರ್ ಕೋಲಿಗಳ ವಂಶ ಹಿಡಿದು ಹಿಂದಕ್ಕೆ ಹೋದರೆ ಅಲ್ಲಿಗೇ ಮುಟ್ಟುತ್ತದೆ. ಹೆಂಪ್ ಹುಟ್ಟುವುದಕ್ಕೂ 20 ವರ್ಷ ಮೊದಲೇ, 1873ರಲ್ಲಿ, ವೇಲ್ಸಿನ ಬಾಲಾ ಊರಿನಲ್ಲಿ ಕುರಿ ನಾಯಿಗಳ ಪಂದ್ಯ ನಡೆದಿತ್ತು. 1906ರಲ್ಲಿ ಕುರಿ ನಾಯಿ ಸಾಕುವವರದ್ದೇ ಸಂಘ ಆಯಿತು, ಇಂಟರ್‌ನ್ಯಾಷನಲ್ ಶೀಪ್ ಡಾಗ್ ಸೊಸೈಟಿ ಅಂತ. ಯಾವ ನಾಯಿ ಯಾರ ಮರಿ ಅನ್ನುವುದನ್ನು ಅದು ಇವತ್ತಿಗೂ ಬರೆದಿಡುತ್ತದೆ. ತಲೆತಲಾಂತರದಿಂದ ಆರಿಸಿ ಆರಿಸಿ ಉಳಿಸಿಕೊಂಡ ಗುಣ ಅದು.

ಅವರಿಗೆ ಅಂಥ ನಾಯಿ ಯಾಕೆ ಬೇಕಾಯಿತು? ಅಲ್ಲಿ ಕುರಿಗಳನ್ನು ಗುಡ್ಡಕ್ಕೆ ಬಿಟ್ಟು ಮನುಷ್ಯ ಮನೆಗೆ ಬರುತ್ತಾನೆ. ವಾರಗಟ್ಟಲೆ ಅವು ತಮ್ಮಷ್ಟಕ್ಕೆ ಮೇಯುತ್ತವೆ. ಉಣ್ಣೆ ಕತ್ತರಿಸುವಾಗ, ಔಷಧ ಹಾಕುವಾಗ ಅಷ್ಟನ್ನೂ ಗುಡ್ಡದಿಂದ ಕೂಡಿಸಿ ಕೆಳಗೆ ತರಬೇಕು. ಮನುಷ್ಯ ಓಡಿ ತರುವುದು ಸಾಧ್ಯವಿಲ್ಲ. ಅದಕ್ಕೆ ದೂರ ಹೋಗಿ ಸುತ್ತಿ ತರುವ ನಾಯಿ.

ನಮ್ಮಲ್ಲಿ ಹಾಗಲ್ಲ. ಬೆಳಿಗ್ಗೆಯಿಂದ ಸಂಜೆ ತನಕ ಕುರಿಗಾರ ಕುರಿಯ ಜೊತೆಗೇ ಇರುತ್ತಾನೆ. ಅವನು ಮುಂದೆ ನಡೆದು ಕೂಗಿದರೆ ಹಿಂಡು ಹಿಂದೆ ಬರುತ್ತದೆ. ರಾತ್ರಿ ಯಾರದೋ ಹೊಲದಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸಿದರೂ ಅವನು ಪಕ್ಕದಲ್ಲೇ ಕಂಬಳಿ ಹೊದ್ದು ಮಲಗುತ್ತಾನೆ. ದೂರದಿಂದ ತರುವುದಕ್ಕೆ ಅಲ್ಲಿ ಏನೂ ಇಲ್ಲ. ಆ ಬಾರ್ಡರ್ ಕೋಲಿಯನ್ನು ತಂದು ನಮ್ಮ ಹಿಂಡಿಗೆ ಬಿಟ್ಟರೆ ಅದು ಸುಮ್ನೆ ಕೂರುವುದಿಲ್ಲ. ಮೇಯುತ್ತಿರುವ ಕುರಿಗಳನ್ನು ಮತ್ತೆ ಮತ್ತೆ ಸುತ್ತಿ ಒಂದೆಡೆ ಕೂಡಿಸುತ್ತದೆ. ಕುರಿ ಮೇಯುವುದು ಯಾವಾಗ?

ನಮ್ಮ ತೊಂದರೆ ಬೇರೆ. ಮ್ಹೈಸಾಳ ಏತ ನೀರಾವರಿಯ ನೀರು ತಾಲೂಕಿನ ಕೆಲವು ಭಾಗಕ್ಕೆ ಬಂತು. ಬಂದದ್ದು ಒಳ್ಳೆಯದೇ. ಆದರೆ ಮೊದಲು ಬೀಳು ಬಿದ್ದಿದ್ದ ಕಡೆ ಈಗ ದ್ರಾಕ್ಷಿ, ದಾಳಿಂಬೆ, ಕಬ್ಬು. ಕುರಿಗೆ ಉಳಿದದ್ದು ನಡುವಿನ ಪಟ್ಟಿ, ರಸ್ತೆಯ ಬದಿ, ಕೊಯ್ಲು ಮುಗಿದ ಹೊಲ. ಎಡಕ್ಕೆ ಒಬ್ಬರ ಬೆಳೆ, ಬಲಕ್ಕೆ ಇನ್ನೊಬ್ಬರ ಬೆಳೆ, ನಡುವೆ ನಿಮ್ಮ ನೂರು ಕುರಿ. ನಾಲ್ಕು ಕುರಿ ಬದು ದಾಟಿದರೆ ಸಾಕು, ಜಗಳ. ಹಿಂಡಿಗೆ ಒಬ್ಬನೇ ಇದ್ದರೆ ಅವನು ಎಡಕ್ಕೆ ಓಡಿದಾಗ ಬಲಕ್ಕೆ ನುಗ್ಗುತ್ತವೆ, ಬಲಕ್ಕೆ ಬಂದರೆ ಎಡಕ್ಕೆ. ದಿನವೆಲ್ಲ ಇದೇ.

ಜಗಳ ಮಾತ್ರ ಆದರೆ ಹೇಗೋ ಆಗುತ್ತಿತ್ತು. ಎಳೆ ಜೋಳದ ವಿಷಯ ನಿಮಗೆ ಗೊತ್ತೇ ಇದೆ. ಮೊಳಕಾಲುದ್ದವೂ ಬೆಳೆಯದ ಜೋಳ, ಮಳೆ ಕೈಕೊಟ್ಟು ಸೊರಗಿದ ಜೋಳ, ಕೊಯ್ದ ಮೇಲೆ ಬುಡದಿಂದ ಮತ್ತೆ ಒಡೆದ ಚಿಗುರು, ಈ ಮೂರರಲ್ಲೂ ವಿಷ ಜಾಸ್ತಿ. ಕುರಿ ಅಗಿದು ನುಂಗಿದಾಗ ಅದರಿಂದ ಸಯನೈಡ್ ಹೊರಡುತ್ತದೆ. ರಕ್ತದಲ್ಲಿ ಆಮ್ಲಜನಕ ಇದ್ದರೂ ಮೈ ಅದನ್ನು ಬಳಸಲಾಗದು. ಏದುಸಿರು, ನಡುಕ, ಬಿದ್ದು ಒದ್ದಾಟ. ಜಾಸ್ತಿ ತಿಂದ ಕುರಿ ಡಾಕ್ಟರಿಗೆ ಫೋನ್ ಮಾಡಿ ಅವರು ಬರುವಷ್ಟರಲ್ಲಿ ಸತ್ತಿರುತ್ತದೆ. ಹಾಗಾಗಿ ಬದು ಕಾಯುವುದು ಅಂದರೆ ಪಕ್ಕದ ಹೊಲದವರ ಬೆಳೆ ಉಳಿಸುವುದು ಅಷ್ಟೇ ಅಲ್ಲ, ನಮ್ಮ ಕುರಿಯ ಜೀವ ಉಳಿಸುವುದೂ ಹೌದು.

ಈ ಕೆಲಸಕ್ಕೆ ಮಾದರಿ ಬೇಕು ಅಂದರೆ ಜರ್ಮನಿಯ ಕಡೆ ನೋಡಬೇಕು. ಅಲ್ಲಿ ಬೇಲಿ ಇಲ್ಲದ ಹೊಲಗಳ ನಡುವೆ ಕುರಿಗಾರ ಹಿಂಡಿನ ಜೊತೆ ನಡೆಯುತ್ತ ಮೇಯಿಸುವ ಪದ್ಧತಿ ಇತ್ತು, ಕೆಲವೆಡೆ ಇನ್ನೂ ಇದೆ. ನಾಯಿ ಹಿಂಡನ್ನು ಸುತ್ತುವುದಿಲ್ಲ, ಓಡಿಸುವುದಿಲ್ಲ. ಬೆಳೆಗೂ ಹುಲ್ಲಿಗೂ ನಡುವಿನ ಗೆರೆಯ ಮೇಲೆ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಸಣ್ಣ ಓಟದಲ್ಲಿ ಓಡಾಡುತ್ತಲೇ ಇರುತ್ತದೆ. ಗೆರೆ ದಾಟಲು ಬಂದ ಕುರಿ ನಾಯಿಯನ್ನು ನೋಡಿ ಮುಖ ತಿರುಗಿಸಿ ಮತ್ತೆ ಮೇಯುತ್ತದೆ. ಒಳಗಿನ ಕುರಿಗಳಿಗೆ ನಾಯಿ ಇದೆ ಅನ್ನುವ ಗಾಬರಿಯೇ ಇಲ್ಲ. ಜರ್ಮನ್ ಶೆಫರ್ಡ್ ಅಂದರೆ ನಮಗೆ ಪೊಲೀಸ್ ನಾಯಿ ನೆನಪಾಗುತ್ತದೆ, ಅಲ್ವಾ? ಆ ತಳಿ ಬಂದದ್ದು ಈ ಕುರಿ ಕೆಲಸದಿಂದ. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ, ಕುದುರೆ ಪಡೆಯಲ್ಲಿದ್ದ ಅಧಿಕಾರಿ ಕುರಿಗಾರರ ನಾಯಿಗಳಲ್ಲಿ ಒಂದನ್ನು ಕೊಂಡು, ಹೊರಾಂಡ್ ಅಂತ ಹೆಸರಿಟ್ಟು, ಅದೇ ವರ್ಷ ತಳಿಯ ಸಂಘ ಕಟ್ಟಿದ. ಪೊಲೀಸ್ ಕೆಲಸ, ಸೈನ್ಯದ ಕೆಲಸ ಎಲ್ಲ ಆಮೇಲಿನದು.

ಹಾಗಂತ ನಾನು ಜರ್ಮನ್ ಶೆಫರ್ಡ್ ತನ್ನಿ ಅಂತ ಹೇಳುತ್ತಿಲ್ಲ. ನಮ್ಮ ಬಿಸಿಲಿಗೆ ಆ ಕೂದಲು ಆಗಿಬರುವುದಿಲ್ಲ. ತರಬೇಕಾದದ್ದು ಪದ್ಧತಿಯನ್ನು. ಗೆರೆ ನಮ್ಮಲ್ಲಿ ಮೊದಲೇ ಇದೆ. ಪ್ರತಿ ಹೊಲಕ್ಕೂ ಬದು ಇದೆ, ಎಲ್ಲರ ಕಣ್ಣಿಗೂ ಕಾಣುತ್ತದೆ, ನಾಯಿಯ ಕಾಲಿಗೂ ತಿಳಿಯುತ್ತದೆ.

ಈಗ ನಿಮ್ಮ ಪಾಠ. ನಾಯಿಯನ್ನು ಮನೆಯಲ್ಲಿ ಕಟ್ಟಿ ಬನ್ನಿ. ಐದಾರು ಕುರಿಗಳನ್ನು ಒಂದು ಬಯಲಿಗೆ ಬಿಡಿ. ಒಂದೇ ಕುರಿ ಬೇಡ. ಒಂಟಿ ಕುರಿಗೆ ತಲೆ ನಿಲ್ಲುವುದಿಲ್ಲ, ಎಲ್ಲಿಗೆ ಬೇಕಾದರೂ ಹಾರುತ್ತದೆ. ದೂರದಿಂದ ಅವುಗಳ ಕಡೆ ನಿಧಾನ ನಡೆಯಿರಿ. ಕೋಲು ಎತ್ತಬೇಡಿ, ಕೂಗಬೇಡಿ. ಒಂದು ಕುರಿಯನ್ನು ಮಾತ್ರ ನೋಡಿ. ಮೊದಲು ಅದರ ಕಿವಿ ನಿಮ್ಮ ಕಡೆ ತಿರುಗುತ್ತದೆ, ಬಾಯಿ ಇನ್ನೂ ಹುಲ್ಲಿನಲ್ಲೇ ಇರುತ್ತದೆ. ಇನ್ನು ನಾಲ್ಕು ಹೆಜ್ಜೆ ಹೋದರೆ ಅಗಿಯುವುದು ನಿಲ್ಲುತ್ತದೆ. ಹುಲ್ಲಿನ ಎಳೆ ತುಟಿಯಲ್ಲಿ ಹಾಗೇ ನೇತಾಡುತ್ತಿರುತ್ತದೆ. ಇನ್ನೆರಡು ಹೆಜ್ಜೆಗೆ ತಲೆ ಮೇಲೆ. ಇನ್ನೊಂದು ಹೆಜ್ಜೆಗೆ ಮುಂಗಾಲು ಎತ್ತಿ ಪಕ್ಕಕ್ಕೆ ಇಡುತ್ತದೆ. ಆ ಹೆಜ್ಜೆಯೇ ನಿಮ್ಮ ಗಡಿ. ಅಲ್ಲೇ ನಿಲ್ಲಿ. ಈಗ ಒಂದು ಹೆಜ್ಜೆ ಹಿಂದೆ ಬನ್ನಿ. ತಲೆ ಕೆಳಗಿಳಿದು ಮತ್ತೆ ಮೇಯಲು ಶುರು ಮಾಡುತ್ತದೆ.

ಈ ದೂರ ಪ್ರತಿ ಹಿಂಡಿಗೆ ಬೇರೆ. ಮನೆಯಂಗಳದಲ್ಲಿ ಬೆಳೆದ ಕುರಿಯನ್ನು ಮುಟ್ಟಬಹುದು, ಸಂತೆಯಿಂದ ನಿನ್ನೆ ತಂದದ್ದು ದೂರದಲ್ಲೇ ಓಡುತ್ತದೆ. ಗಾಳಿ ಜೋರಿದ್ದ ದಿನ ಬೇರೆ, ಹೊಟ್ಟೆ ತುಂಬಿದ ಮೇಲೆ ಬೇರೆ. ನಾಯಿಗಂತೂ ಇನ್ನೂ ದೂರ ಬೇಕು. ಕುರಿ ಓಡುವುದು ಹತ್ತಿರ ಬಂದವರಿಂದ, ಕೂಗಿದವರಿಂದ ಅಲ್ಲ. ಇದು ಮನಸ್ಸಿಗೆ ಇಳಿದರೆ ಅರ್ಧ ಕೆಲಸ ಮುಗಿಯಿತು.

ಇನ್ನೊಂದು, ಎಲ್ಲಿ ನಿಲ್ಲಬೇಕು ಅನ್ನುವುದು. ಕುರಿಯ ಭುಜ ನೋಡಿ. ಭುಜಕ್ಕಿಂತ ಹಿಂದೆ ನಿಂತು ಹತ್ತಿರ ಹೋದರೆ ಅದು ಮುಂದೆ ಹೋಗುತ್ತದೆ. ಭುಜಕ್ಕಿಂತ ಮುಂದೆ ಬಂದರೆ ನಿಂತು ಹಿಂದಕ್ಕೆ ತಿರುಗುತ್ತದೆ. ಕುರಿಯ ಕಣ್ಣು ತಲೆಯ ಎರಡೂ ಬದಿಗೆ ಇವೆ, ಕಣ್ಣಿನ ಪಾಪೆ ಅಡ್ಡಕ್ಕೆ ಉದ್ದ, ಹಾಗಾಗಿ ತಲೆ ತಿರುಗಿಸದೇ ಸುತ್ತಲಿನ ಬಹುಪಾಲು ಅದಕ್ಕೆ ಕಾಣುತ್ತದೆ. ಕಾಣದ ಜಾಗ ಸರಿಯಾಗಿ ಬಾಲದ ಹಿಂದೆ ಇರುವ ಒಂದು ಪಟ್ಟಿ. ಅಲ್ಲಿ ನೀವು ನಿಂತರೆ ನೋಡುವುದಕ್ಕಾಗಿ ಅದು ತಿರುಗುತ್ತದೆ, ನೀವು ನೇರ ಮುಂದೆ ಹೋಗಲಿ ಅಂದುಕೊಂಡಿರುತ್ತೀರಿ, ಅದು ವಾರೆ ಹೋಗುತ್ತದೆ. ಆಗ ನಾವು ಏನು ಮಾಡುತ್ತೇವೆ? "ಏ ಹುಚ್ಚ ಕುರಿ" ಅಂತ ಬೈಯುತ್ತೇವೆ. ಕುರಿಯ ತಪ್ಪು ಅದರಲ್ಲಿ ಏನೂ ಇಲ್ಲ.

ಕುರಿಗೆ ಬುದ್ಧಿ ಇಲ್ಲ ಅನ್ನುವ ಮಾತು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. 2001ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಹತ್ತಿರದ ಒಂದು ಸಂಸ್ಥೆಯಲ್ಲಿ ಕೀತ್ ಕೆಂಡ್ರಿಕ್ ಮತ್ತು ಅವರ ಜೊತೆಯವರು ಇದನ್ನು ಪರೀಕ್ಷೆ ಮಾಡಿದರು. ಕುರಿಗಳು ಬೇರೆ 50 ಕುರಿಗಳ ಮುಖದ ಚಿತ್ರಗಳನ್ನು ಗುರುತಿಸಿದವು, 2 ವರ್ಷದ ತನಕ ನೆನಪಿಟ್ಟುಕೊಂಡವು. ಅಂಥ ಪ್ರಾಣಿ ತನ್ನ ಕಾಲು ಹಿಡಿದು ಕಚ್ಚಿದ ನಾಯಿಯನ್ನು ಮರೆಯುತ್ತದೆ ಅಂದುಕೊಳ್ಳಬೇಡಿ. ನಾಯಿಯ ಕೈಯಲ್ಲಿ ಒಮ್ಮೆ ಹೆದರಿದ ಹಿಂಡನ್ನು ಮತ್ತೆ ನಂಬಿಸುವುದು ಬಹಳ ದೊಡ್ಡ ಕೆಲಸ.

ಹಿಂದಿನ ಸಾಲಿನಲ್ಲಿ ಕೂತ ಕಾಕಾ ಒಬ್ಬರು ಈಗಷ್ಟೇ ಕೇಳಿದರು: "ನಾಯಿಗೇನ ಕಲಸೂದೈತ್ರಿ? ಕುರಿ ಹಿಂದ ಬೆಳದದ್ದು ತಾನ ಕಲೀತೈತಿ." ಕಾಕಾ ಹೇಳಿದ್ದು ಅರ್ಧ ಸರಿ. ಕುರಿಯ ಜೊತೆ ಇರುವುದನ್ನು ಅದು ತಾನೇ ಕಲಿಯುತ್ತದೆ. ನಮ್ಮ ನಾಯಿ ಹಿಂಡಿನ ಹಿಂದೆ ಮೈಲಿಗಟ್ಟಲೆ ನಡೆಯುತ್ತದೆ, ಯಾರೂ ಹೇಳಿಕೊಟ್ಟಿಲ್ಲ. ಆದರೆ ಎಲ್ಲಿ ನಿಲ್ಲಬೇಕು, ಎಷ್ಟಕ್ಕೆ ನಿಲ್ಲಬೇಕು ಅನ್ನುವುದನ್ನು ಅದು ತಾನೇ ಕಲಿಯುವುದಿಲ್ಲ. ಅದನ್ನು ನಾವೇ ಹೇಳಬೇಕು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಕಾಯುವ ನಾಯಿ ಬೇರೆ, ಕುರಿ ನಡೆಸುವ ನಾಯಿ ಬೇರೆ. ಅಮೆರಿಕದಲ್ಲಿ ರೇಮಂಡ್ ಕಾಪಿಂಜರ್ ಅನ್ನುವ ವಿಜ್ಞಾನಿ ಈ ಎರಡು ಬಗೆಯ ನಾಯಿಗಳನ್ನೂ ಬಹಳ ವರ್ಷ ಗಮನಿಸಿದರು. ತೋಳ ಬೇಟೆಯಾಡುವಾಗ ಒಂದು ಕ್ರಮ ಇದೆ: ನೋಡುತ್ತದೆ, ದಿಟ್ಟಿಸುತ್ತದೆ, ಹೊಂಚುತ್ತದೆ, ಬೆನ್ನಟ್ಟುತ್ತದೆ, ಹಿಡಿಯುತ್ತದೆ, ಕೊಲ್ಲುತ್ತದೆ. ಕುರಿ ನಡೆಸುವ ನಾಯಿಯಲ್ಲಿ ಮೊದಲ ಅರ್ಧ ಉಳಿದಿದೆ, ಕೊನೆಯದನ್ನು ಮನುಷ್ಯ ಆರಿಸಿ ಆರಿಸಿ ಕುಗ್ಗಿಸಿದ್ದಾನೆ. ಕಾಯುವ ನಾಯಿಯಲ್ಲಿ ಬೆನ್ನಟ್ಟುವ ಆಸೆಯೇ ಕಡಿಮೆ. ಅದು ಹಿಂಡಿನ ನಡುವೆ ಮಲಗುತ್ತದೆ, ಹೊಸ ವಾಸನೆ ಬಂದರೆ ಎದ್ದು ಬೊಗಳುತ್ತದೆ. ಕಾಶ್ಮೀರದ ಬಕರ್ವಾಲ್ ನಾಯಿ, ಹಿಮಾಚಲದ ಗದ್ದಿ ನಾಯಿ ಈ ಬಗೆಯವು.

ನಮ್ಮ ಹಟ್ಟಿಯ ನಾಯಿಗಳು ಬಹುಪಾಲು ಕಾಯುವ ಗುಣದವು. ಅದಕ್ಕೇ ಬದುವಿನ ಕೆಲಸ ಅವಕ್ಕೆ ಹೊಂದುತ್ತದೆ, ಯಾಕೆಂದರೆ ಅದರಲ್ಲಿ ಬೆನ್ನಟ್ಟುವುದು ಇಲ್ಲ. ಮುಧೋಳ ನಾಯಿ ಹಾಕಬಹುದಾ ಅಂತ ಹುಡುಗರು ಕೇಳುತ್ತೀರಿ. ನಮ್ಮ ಮಗ್ಗುಲ ಸೀಮೆಯ ಹೆಮ್ಮೆಯ ನಾಯಿ ಅದು, 2016ರಲ್ಲಿ ಭಾರತೀಯ ಸೇನೆ ಕೂಡ ತರಬೇತಿಗೆ ತೆಗೆದುಕೊಂಡಿತು. ಆದರೆ ಅದು ಕಣ್ಣಿನಿಂದ ಬೇಟೆಯಾಡುವ ತಳಿ. ಓಡುವುದನ್ನು ಕಂಡರೆ ಬೆನ್ನು ಹತ್ತುವುದು ಅದರ ಹುಟ್ಟುಗುಣ. ಓಡುವ ಕುರಿಯ ಎದುರು ಅದಕ್ಕೆ ಸುಮ್ಮನಿರು ಅಂತ ಕಲಿಸುವುದಕ್ಕೆ ನಿಮಗೂ ಕಷ್ಟ, ನಾಯಿಗೂ ಕಷ್ಟ. ಹಟ್ಟಿಯಲ್ಲಿ ಹುಟ್ಟಿದ, ಮರಿಯಿದ್ದಾಗಿನಿಂದ ಕುರಿ ವಾಸನೆಯಲ್ಲಿ ಬೆಳೆದ, ಸಿಟ್ಟಿಗಿಂತ ಗಮನ ಜಾಸ್ತಿ ಇರುವ ನಾಯಿ ಆರಿಸಿಕೊಳ್ಳಿ. ಗಂಡಾದರೂ ಸರಿ, ಹೆಣ್ಣಾದರೂ ಸರಿ. ಎರಡು ತಿಂಗಳ ಮರಿಯಿದ್ದಾಗಲೇ ಕುರಿಮರಿಗಳ ಪಕ್ಕದಲ್ಲಿ ಇರಲಿ. ನಾಯಿಮರಿ ಯಾರ ಜೊತೆ ಬೆಳೆಯಿತೋ ಅವರನ್ನು ತನ್ನವರು ಅಂದುಕೊಳ್ಳುವುದು ಮೊದಲ ಮೂರ್ನಾಲ್ಕು ತಿಂಗಳಲ್ಲೇ. ಆದರೆ ಆಟಕ್ಕೆ ಅಂತ ಮರಿಯ ಕಿವಿ ಬಾಲ ಎಳೆಯಲು ಬಿಡಬೇಡಿ. ಇವತ್ತಿನ ಆಟ ನಾಳೆಯ ಚಟ.

ಕಲಿಸುವುದಕ್ಕೆ ಬರೋಣ. ಎಲ್ಲಕ್ಕಿಂತ ಮೊದಲು "ನಿಲ್ಲು". ಸುತ್ತಿ ಬರುವುದು, ಮುಂದೆ ಹೋಗುವುದು ಎಲ್ಲ ಆಮೇಲೆ. ನಿಲ್ಲಲು ಬಾರದ ನಾಯಿಯನ್ನು ಕುರಿಗೆ ಬಿಡುವುದು ಬ್ರೇಕ್ ಇಲ್ಲದ ಟ್ರ್ಯಾಕ್ಟರನ್ನು ಇಳಿಜಾರಿಗೆ ಬಿಟ್ಟ ಹಾಗೆ. ಇದನ್ನು ಕುರಿ ಇಲ್ಲದೇ, ಮನೆಯಲ್ಲೇ ಕಲಿಸಬಹುದು. ರೊಟ್ಟಿ ಮುರಿದು ತಟ್ಟೆಗೆ ಹಾಕಿ, ಕೆಳಗೆ ಇಡುವ ಮೊದಲು "ನಿಲ್ಲು" ಅನ್ನಿ. ನಾಯಿ ನಿಂತಿತು, ತಟ್ಟೆ ಇಳಿಯಿತು. ನುಗ್ಗಿತು, ತಟ್ಟೆ ಮತ್ತೆ ಮೇಲೆ. ಬೈಯುವುದು ಹೊಡೆಯುವುದು ಏನೂ ಬೇಡ. ಆಮೇಲೆ ಅಂಗಳದಲ್ಲಿ, ಆಮೇಲೆ ದಾರಿಯಲ್ಲಿ, ಆಮೇಲೆ ಬೇರೆ ನಾಯಿ ಎದುರು ಬಂದಾಗ. ದನಿ ಕೆಳಗೆ ಇರಲಿ, ನೀಳವಾಗಿ ಇರಲಿ. ಕಿರುಚಿದರೆ ನಾಯಿಗೆ ಹುರುಪು ಬರುತ್ತದೆ, ನಿಲ್ಲುವ ಮನಸ್ಸು ಬರುವುದಿಲ್ಲ.

ಮನೆಯವರೆಲ್ಲ ಒಂದೇ ಮಾತು ಬಳಸಬೇಕು. ಅಪ್ಪ "ನಿಲ್ಲು" ಅನ್ನುತ್ತಾನೆ, ಅವ್ವ "ತಡಿ" ಅನ್ನುತ್ತಾಳೆ, ಶಾಲೆಗೆ ಹೋಗುವ ಹುಡುಗ ಮರಾಠಿಯಲ್ಲಿ "ಥಾಂಬ್" ಅನ್ನುತ್ತಾನೆ. ಗಡಿಯ ಮನೆಗಳಲ್ಲಿ ಇದು ಸಾಮಾನ್ಯ. ನಾಯಿ ಮೂರನ್ನೂ ಕಲಿಯಬಹುದು, ಆದರೆ ಅವಸರದ ಹೊತ್ತಿನಲ್ಲಿ ಅದಕ್ಕೆ ಮೂರು ಮಾತು ಬೇಡ. ಎಲ್ಲರೂ ಕೂತು ಒಂದನ್ನು ಆರಿಸಿ.

ಹೆಣ್ಣುಮಕ್ಕಳಿಗೆ ಒಂದು ಮಾತು ಹೇಳಬೇಕು. ಇಂಥ ಸಭೆಗೆ ನಿಮ್ಮನ್ನು ಕರೆಯುವುದೇ ಕಡಿಮೆ, ಇವತ್ತು ನಾಲ್ಕು ಜನ ಬಂದಿದ್ದೀರಿ, ಬಹಳ ಸಂತೋಷ. ನಾಯಿಗೆ ರೊಟ್ಟಿ ಅಂಬಲಿ ಹಾಕುವವರು ನೀವು, ಹಟ್ಟಿಯಲ್ಲಿ ಮರಿ ನೋಡುವವರು ನೀವು. ಗಂಡಸರು ಕುರಿ ಹಿಂದೆ ಹೋದಾಗ ನಾಯಿ ನಿಮ್ಮ ದನಿಯನ್ನೇ ದಿನವೆಲ್ಲ ಕೇಳುತ್ತದೆ. ಹಾಗಾಗಿ "ನಿಲ್ಲು", "ಬಾ" ಎರಡನ್ನೂ ನೀವು ಕಲಿಸಿದರೆ ಬೇಗ ಬರುತ್ತದೆ. ತರಬೇತಿ ಅಂದ ಕೂಡಲೇ ಗಂಡಸರನ್ನಷ್ಟೇ ಕರೆದು ಕೂರಿಸುವುದು ಬಿಡಬೇಕು.

ಇನ್ನು ಬದು. ಹದಿನೈದು ಇಪ್ಪತ್ತು ಅಡಿಯ ಹಗ್ಗ ತೆಗೆದುಕೊಳ್ಳಿ. ಕುರಿ ಬೇಡ. ಒಂದು ಬದುವಿನ ಎರಡೂ ತುದಿಗೆ ಒಂದೊಂದು ದೊಡ್ಡ ಕಲ್ಲು ಇಡಿ. ನಾಯಿಯನ್ನು ಹಗ್ಗದಲ್ಲಿ ಹಿಡಿದು ಆ ಕಲ್ಲಿನಿಂದ ಈ ಕಲ್ಲಿಗೆ ನಡೆಯಿರಿ. ಕಲ್ಲಿನ ಹತ್ತಿರ ನಿಲ್ಲಿ, ತಿರುಗಿ, ಮತ್ತೆ ನಡೆಯಿರಿ. ನಾಯಿ ಬದುವಿನಿಂದ ಈಚೆಗೋ ಆಚೆಗೋ ಇಳಿದರೆ ಹಗ್ಗ ಮೆಲ್ಲಗೆ ಜಗ್ಗಿ ಮೇಲೆ ತನ್ನಿ. ಮೇಲೆ ಬಂದ ಕೂಡಲೇ ಹಗ್ಗ ಸಡಿಲ ಬಿಡಿ, ಬೆನ್ನು ಸವರಿ. ಬೆಳಿಗ್ಗೆ ಹತ್ತು ಹದಿನೈದು ನಿಮಿಷ, ಸಂಜೆ ಅಷ್ಟೇ. ಕೆಲವು ನಾಯಿ ವಾರದಲ್ಲಿ ಹಿಡಿಯುತ್ತವೆ, ಕೆಲವಕ್ಕೆ ತಿಂಗಳು ಬೇಕು. ನಾಯಿಗೆ ಬೇಸರ ಬರುವ ಮೊದಲೇ ಬಿಡಬೇಕು, ನಾಳೆ ಅದೇ ನಿಮ್ಮನ್ನು ಎಳೆದುಕೊಂಡು ಬದುವಿಗೆ ಹೋಗುತ್ತದೆ.

ಆಮೇಲೆ ಕುರಿ ತನ್ನಿ. ಮೊದಲ ಸಲ ಹೊಟ್ಟೆ ಅರ್ಧ ತುಂಬಿದ, ನಾಯಿ ಕಂಡು ಗೊತ್ತಿರುವ, ದೊಡ್ಡ ಕುರಿಗಳು ಹತ್ತು ಸಾಕು. ಗಬ್ಬದ ಕುರಿ ಬೇಡವೇ ಬೇಡ. ಸಣ್ಣ ಮರಿ ಇರುವ ತಾಯಿಯೂ ಬೇಡ. ಅದು ಓಡುವುದಿಲ್ಲ, ತಿರುಗಿ ನಿಂತು ನಾಯಿಗೆ ತಲೆಯಿಂದ ಗುದ್ದುತ್ತದೆ. ಕಲಿಯುವ ನಾಯಿ ಒಮ್ಮೆ ಏಟು ತಿಂದರೆ ಒಂದೋ ಹೆದರಿ ಹಿಂದೆ ಸರಿಯುತ್ತದೆ, ಇಲ್ಲ ಕಚ್ಚುವುದನ್ನು ಕಲಿಯುತ್ತದೆ. ಹಿಂಡಿನಲ್ಲಿ ಆಡುಗಳಿದ್ದರೆ ಅವನ್ನೂ ಮೊದಲು ಬೇರೆ ಮಾಡಿ, ಆಡು ಕುರಿಯ ಹಾಗೆ ಒಟ್ಟಿಗೆ ತಿರುಗುವುದಿಲ್ಲ. ನಾಯಿಗೆ ಎಂಟು ಹತ್ತು ತಿಂಗಳಾದರೂ ಆಗಿರಲಿ.

ಕುರಿಗಳು ಬದುವಿನ ಒಂದು ಬದಿಗೆ ಮೇಯುತ್ತಿರಲಿ. ನಾಯಿ ಬದುವಿನ ಮೇಲೆ, ಹಗ್ಗ ನಿಮ್ಮ ಕೈಯಲ್ಲಿ. ಒಂದು ಕುರಿ ಮೇಯುತ್ತ ಮೇಯುತ್ತ ಬದುವಿನ ಹತ್ತಿರ ಬರುತ್ತದೆ. ನಾಯಿಯ ಬಾಲ ನೋಡಿ. ಬಾಲ ಕೆಳಗಿದ್ದರೆ ಅದರ ಗಮನ ಕೆಲಸದ ಮೇಲಿದೆ. ಬಾಲ ಮೇಲೆದ್ದು ಅಲ್ಲಾಡಿದರೆ ಆಟಕ್ಕೆ ಇಳಿದಿದೆ, ಆಗ "ನಿಲ್ಲು" ಅಂತ ಹೇಳಿ, ತಣ್ಣಗಾಗಲಿ. ಬಾಲ ಕೆಳಗಿದ್ದರೆ ಎರಡು ಹೆಜ್ಜೆ ಕುರಿಯ ಎದುರಿಗೆ ಬದುವಿನ ಮೇಲೆಯೇ ನಡೆಯಲು ಬಿಡಿ. ಕುರಿ ತಲೆ ಎತ್ತುತ್ತದೆ, ನೋಡುತ್ತದೆ, ತಿರುಗುತ್ತದೆ. ತಿರುಗಿದ ಆ ಕ್ಷಣಕ್ಕೇ "ನಿಲ್ಲು". ಇಲ್ಲಿ ಅರ್ಧ ನಿಮಿಷ ತಡ ಮಾಡಿದರೂ ಪಾಠ ಕೆಟ್ಟಿತು. ಕುರಿ ಮಾತು ಕೇಳಿದ ಮೇಲೂ ನಾಯಿ ಒತ್ತುತ್ತಲೇ ಇದ್ದರೆ, ಮಾತು ಕೇಳಿದರೂ ಬಿಡುವುದಿಲ್ಲ ಅಂತ ಕುರಿಗೆ ಗೊತ್ತಾಗುತ್ತದೆ. ಆಮೇಲೆ ಅದು ತಿರುಗುವುದಿಲ್ಲ, ಸೀಳಿಕೊಂಡು ಓಡುತ್ತದೆ.

ದಿನ ಕಳೆದ ಹಾಗೆ ಹಗ್ಗವನ್ನು ಕೈಯಿಂದ ಬಿಡಿ, ನೆಲದ ಮೇಲೆ ಎಳೆದಾಡಲಿ. ನೀವು ಕುರಿಗಳ ಇನ್ನೊಂದು ಬದಿಗೆ ಹೋಗಿ ನಿಲ್ಲಿ. ಈಗ ಒಂದು ಬದು ನಾಯಿಯದ್ದು, ಒಂದು ಬದು ನಿಮ್ಮದು. ನಾನು ಹೇಳುವ ಕೆಲಸ ಪೂರ್ತಿ ಇಷ್ಟೇ. ಒಬ್ಬ ಮನುಷ್ಯ ಎರಡು ಬದು ಕಾಯಬಲ್ಲ.

ನಾಯಿ ಕಚ್ಚಿದರೆ ಏನು ಮಾಡಬೇಕು ಅಂತ ಕೇಳಿದ್ದೀರಿ. ಹಗ್ಗ ಹಿಡಿದು, ಮಾತಾಡದೇ ಅಲ್ಲಿಂದ ಕರೆದುಕೊಂಡು ಹೋಗಿ. ಅವತ್ತಿನ ಕೆಲಸ ಮುಗಿಯಿತು. ಕಚ್ಚಿದ ನಾಯಿಯನ್ನು "ಬಾ" ಅಂತ ಕರೆದು, ಬಂದ ಮೇಲೆ ಹೊಡೆಯುವವರು ಇದ್ದಾರೆ. ಇದನ್ನು ದಯವಿಟ್ಟು ಮಾಡಬೇಡಿ. ಕಚ್ಚಿದ್ದಕ್ಕೆ ಏಟು ಬಿತ್ತು ಅಂತ ಅದಕ್ಕೆ ತಿಳಿಯುವುದಿಲ್ಲ, ಕರೆದಾಗ ಬಂದದ್ದಕ್ಕೆ ಬಿತ್ತು ಅಂತ ತಿಳಿಯುತ್ತದೆ. ಮುಂದೆ ಹೆದ್ದಾರಿಯ ಬದಿಯಲ್ಲಿ ನೀವು ಕರೆದಾಗ ಅದು ಬರುವುದಿಲ್ಲ.

ದೂರಕ್ಕೆ ಸಿಳ್ಳೆ ಒಳ್ಳೆಯದು. ಗಾಳಿಯಲ್ಲೂ ಕೇಳುತ್ತದೆ, ನಿಮ್ಮ ಸಿಟ್ಟು ಅದರಲ್ಲಿ ಸೇರುವುದಿಲ್ಲ.

ಒಂದು ಅಧ್ಯಯನದ ಮಾತು ಹೇಳಿ ಮುಂದೆ ಹೋಗುತ್ತೇನೆ, ಕುರಿಗಾರರಿಗೆ ಇದು ಇಷ್ಟವಾಗಬೇಕು. 2014ರಲ್ಲಿ ಸ್ವೀಡನ್ ಮತ್ತು ಬ್ರಿಟನ್ನಿನ ಸಂಶೋಧಕರು, ಆಸ್ಟ್ರೇಲಿಯಾದಲ್ಲಿ ಕುರಿಗಳಿಗೂ ಕೆಲ್ಪಿ ಅನ್ನುವ ತಳಿಯ ಒಂದು ಕುರಿ ನಾಯಿಗೂ ಜಿಪಿಎಸ್ ಕಟ್ಟಿ ಪಡೆದ ಮಾಹಿತಿ ಇಟ್ಟುಕೊಂಡು ನಾಯಿ ಹೇಗೆ ಹಿಂಡನ್ನು ನಡೆಸುತ್ತದೆ ಅಂತ ಲೆಕ್ಕ ಹಾಕಿದರು. ಎರಡೇ ನಿಯಮ ಸಾಕಾಯಿತು. ಕುರಿ ಚದುರಿದ್ದರೆ ಕೂಡಿಸು. ಕೂಡಿದ್ದರೆ ಹಿಂದಿನಿಂದ ಒತ್ತು. ನಾಯಿ ಹಿಂದೆ ಎಡಕ್ಕೂ ಬಲಕ್ಕೂ ತೂಗಾಡುತ್ತ ಓಡುವುದು ಇದರಿಂದಲೇ. ರಾತ್ರಿ ಹಿಂಡನ್ನು ಬಲೆಯ ಬೇಲಿಯೊಳಗೆ ಕೂಡಿಸುವಾಗ ನಮ್ಮ ಹಿರಿಯರು ಮಾಡುವುದೂ ಇದನ್ನೇ. ಬಾಯಿ ಬಿಟ್ಟು ಹೇಳಿಲ್ಲ, ಅಷ್ಟೇ.

ಬಿಸಿಲಿನ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಕಟುವಾಗಿ ಮಾತಾಡುತ್ತೇನೆ. ನಾಯಿ ನಮ್ಮ ಹಾಗೆ ಮೈಯಿಂದ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನ ಅದನ್ನು ಓಡಿಸುವುದು ಅನ್ಯಾಯ. ಜೊಲ್ಲು ಅಂಟಂಟಾಗಿ, ಒಸಡು ಗಾಢ ಕೆಂಪಾಗಿ, ಹೆಜ್ಜೆ ತಪ್ಪುತ್ತಿದ್ದರೆ ಕೂಡಲೇ ನೆರಳಿಗೆ ತನ್ನಿ. ಹೊಟ್ಟೆ, ತೊಡೆಯ ಸಂದು, ಪಾದಕ್ಕೆ ನೀರು ಹಾಕಿ, ಗಾಳಿ ಬೀಸಿ, ಕುಡಿಯಲು ಸ್ವಲ್ಪ ಸ್ವಲ್ಪ ಕೊಡಿ, ಡಾಕ್ಟರಿಗೆ ಫೋನ್ ಮಾಡಿ. ನಿಮ್ಮ ನೀರಿನ ಕ್ಯಾನಿನಲ್ಲಿ ಅದಕ್ಕೂ ಪಾಲು ಇರಲಿ.

ಇನ್ನೊಂದು ಕೆಲಸವನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೇ ಇಟ್ಟುಕೊಂಡಿಲ್ಲ. ಕುರಿ ಕೊಯ್ದಾಗ, ಸತ್ತಾಗ, ತಲೆ, ಯಕೃತ್ತು, ಶ್ವಾಸಕೋಶ ಎಲ್ಲ ನಾಯಿಗೆ ಎಸೆಯುತ್ತೇವೆ. ಕೆಲವು ಕುರಿ ಒಂದೇ ಕಡೆಗೆ ಗರಗರ ಸುತ್ತಿ ಸುತ್ತಿ ಬಿದ್ದು ಸಾಯುವುದು ನೋಡಿದ್ದೀರಲ್ಲ? ಅಂಥ ಕುರಿಯ ಮೆದುಳಿನಲ್ಲಿ ಬಹಳ ಸಲ ನೀರಿನ ಗುಳ್ಳೆ ಇರುತ್ತದೆ. ಆ ಗುಳ್ಳೆ ಒಂದು ಲಾಡಿ ಹುಳದ ಮರಿ. ನಾಯಿ ಆ ಹಸಿ ತಲೆ ತಿಂದರೆ ಅದರ ಕರುಳಿನಲ್ಲಿ ಹುಳ ಬೆಳೆಯುತ್ತದೆ, ಮೊಟ್ಟೆ ನಾಯಿಯ ಮಲದ ಜೊತೆ ಹುಲ್ಲಿಗೆ ಬೀಳುತ್ತದೆ, ಹುಲ್ಲಿನಿಂದ ಮತ್ತೆ ಕುರಿಗೆ. ಇದೇ ಜಾತಿಯ ಇನ್ನೊಂದು ಹುಳ ಮನುಷ್ಯರ ಯಕೃತ್ತು, ಶ್ವಾಸಕೋಶದಲ್ಲೂ ಗುಳ್ಳೆ ಮಾಡುತ್ತದೆ, ನಾಯಿ ಜೊತೆ ಆಡುವ ಮಕ್ಕಳಿಗೆ ಅಪಾಯ ಜಾಸ್ತಿ. ಹಸಿ ಒಳಾಂಗ ಹಾಕಬೇಡಿ, ಚೆನ್ನಾಗಿ ಬೇಯಿಸಿ ಹಾಕಿ, ಇಲ್ಲ ಆಳಕ್ಕೆ ಹೂಳಿ. ಪ್ರಾಜಿಕ್ವಾಂಟೆಲ್ ಇರುವ ಹುಳದ ಮಾತ್ರೆಯನ್ನು ಪಶುವೈದ್ಯರು ಹೇಳಿದ ಅಳತೆಗೆ, ಹೇಳಿದ ಸಮಯಕ್ಕೆ ಕೊಡಿ. ಹುಚ್ಚು ನಾಯಿ ರೋಗದ ಲಸಿಕೆ ಮೂರು ತಿಂಗಳ ವಯಸ್ಸಿಗೆ, ಆಮೇಲೆ ವೈದ್ಯರು ಹೇಳಿದ ಹಾಗೆ ಪ್ರತಿ ವರ್ಷ. ಕುರಿಗೆ ಲಸಿಕೆ ಹಾಕಿಸುವ ದಿನ ನಾಯಿಯನ್ನೂ ಹಗ್ಗ ಹಾಕಿ ಕರೆತನ್ನಿ.

ತೋಳದ ಪ್ರಶ್ನೆ ಬಂದಿದೆ. ಸೋಲಾಪುರದ ನಾನ್ನಜ ಕಡೆ ಇಂದಿಗೂ ತೋಳ ಇವೆ, ನಮ್ಮ ಕಡೆಯ ಬಯಲಿಗೂ ಅವು ಹೊಸವಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ತೋಳ ಮೊದಲನೇ ಪಟ್ಟಿಯಲ್ಲಿದೆ, ಕೊಲ್ಲುವುದು ಅಪರಾಧ. ಸತ್ತ ಕುರಿಗೆ ವಿಷ ಹಾಕಿ ಇಡುವವರಿಗೆ ಹೇಳುತ್ತೇನೆ, ಅದನ್ನು ತೋಳಕ್ಕಿಂತ ಮೊದಲು ತಿನ್ನುವುದು ಪಕ್ಕದ ಹಟ್ಟಿಯ ನಾಯಿ. ಬದು ಕಾಯುವ ನಾಯಿಗೆ ರಾತ್ರಿ ತೋಳವನ್ನೂ ಕಾಯುವ ಕೆಲಸ ಹೊರಿಸಬೇಡಿ. ಹಗಲೆಲ್ಲ ಓಡಾಡಿದ ನಾಯಿ ರಾತ್ರಿ ಮಲಗಲಿ. ರಾತ್ರಿಗೆ ಬೇರೆ ಎರಡು ನಾಯಿ, ಕೊರಳಿಗೆ ಅಗಲದ ಪಟ್ಟಿ, ಅದಕ್ಕೆ ಹೊರಮುಖವಾಗಿ ಮೊಳೆ, ಜೊತೆಗೆ ಬಲೆ ಗಟ್ಟಿಯಾಗಿರಲಿ, ಮರಿಗಳು ನಡುವೆ ಇರಲಿ.

ನಾಳೆ ಬೆಳಿಗ್ಗೆ ಏಳಕ್ಕೆ ಊರ ಹೊರಗಿನ ಬೀಳಿನಲ್ಲಿ ಸೇರೋಣ. ಒಬ್ಬೊಬ್ಬರು ಐದು ಕುರಿ ತನ್ನಿ, ಗಬ್ಬದ್ದು ಮರಿ ಇದ್ದದ್ದು ಬೇಡ. ನಾಯಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಕಾಕಾ, ನೀವೂ ಬರಬೇಕು. ಕುರಿಯ ಕಿವಿ ನೋಡುವುದನ್ನು ಈ ಹುಡುಗರಿಗೆ ನನಗಿಂತ ನೀವು ಚೆನ್ನಾಗಿ ತೋರಿಸುತ್ತೀರಿ. ಹಗ್ಗ ಇಲ್ಲದವರು ಇವತ್ತೇ ಹೇಳಿ, ಸಂತೆಯಿಂದ ಒಟ್ಟಿಗೆ ತರಿಸೋಣ. ನಾಯಿಯ ಸರದಿ ಮುಂದಿನ ವಾರ.